ಹಿಂದಿನ ಅನುಭವ ಕಡ್ಡಾಯ

ಸರಕು ಸಾಗಣೆ ಮಂಡಳಿಯಲ್ಲಿ, ಲಾರಿ ಓಡಿಸಲು ಬರುತ್ತದೆ ಎಂಬುದು ಲಾರಿ ಓಡಿಸುವ ಕೆಲಸಕ್ಕೆ ಅರ್ಹತೆಯಲ್ಲ. ಈ ಬಗ್ಗೆ ಯಾರಿಗೂ ಅನುಮಾನ ಉಳಿಯಬಾರದೆಂದು ಕಚೇರಿಯ ಬಾಗಿಲಿಗೇ ಒಂದು ಪ್ರಕಟಣೆ ಅಂಟಿಸಲಾಗಿತ್ತು: "ಚಾಲಕರು ಬೇಕಾಗಿದ್ದಾರೆ. ಹಿಂದಿನ ಅನುಭವ ಕಡ್ಡಾಯ. ಇಲ್ಲದವರು ಬಾಗಿಲು ತಟ್ಟಬಾರದು." ಬಾಗಿಲು ಸದಾ ತೆರೆದೇ ಇರುತ್ತಿದ್ದುದರಿಂದ ಕೊನೆಯ ಷರತ್ತನ್ನು ಎಲ್ಲರೂ ತಪ್ಪದೆ ಪಾಲಿಸುತ್ತಿದ್ದರು.

ಪುಟ್ಟಿ ಆ ಬಾಗಿಲು ದಾಟಿದ್ದು ತಿಂಗಳ ಇಪ್ಪತ್ತೆಂಟನೇ ತಾರೀಕು. ಪುಟ್ಟಿ ಅಂತ ಮನೆಯವರು ಕರೆಯುತ್ತಿದ್ದರು ಅಷ್ಟೇ. ವಯಸ್ಸು ಇಪ್ಪತ್ತಾರು, ಮೆಟ್ಟಿಲಿನ ಹಂಗಿಲ್ಲದೆ ಲಾರಿ ಹತ್ತುವಷ್ಟು ಎತ್ತರ. ಲಾರಿ ಲೈಸೆನ್ಸ್ ಕೈಗೆ ಬಂದು ಹತ್ತೊಂಬತ್ತು ದಿನವಾಗಿತ್ತು. ಅಷ್ಟರಲ್ಲಿ ಹನ್ನೊಂದು ಕಂಪನಿ ಸುತ್ತಿ ಚಪ್ಪಲಿ ಸವೆಸಿದ್ದಳು. ಹನ್ನೊಂದು ಕಡೆಯೂ ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿ, "ಫೋಟೋ ಚೆನ್ನಾಗಿ ಬಂದಿದೆ. ಹಿಂದಿನ ಅನುಭವ?" ಎಂದು ಕೇಳಿ ಕಳಿಸಿದ್ದರು.

ಇಪ್ಪತ್ತೆಂಟು ಯಾಕೆ ಮುಖ್ಯ ಅಂದರೆ, ಮೂವತ್ತು ಗಡುವು. ಗಡುವು ಇಟ್ಟವನು ಅವಳನ್ನು ಸಾಕಿ ಬೆಳೆಸಿದ ಚಿಕ್ಕಪ್ಪ. ಅವನದೊಂದು ಗುಂಡಿ ಅಂಗಡಿ. ಅಂಗಿಯ ಗುಂಡಿ, ಕೋಟಿನ ಗುಂಡಿ, ದಿಂಬಿನ ಗುಂಡಿ, ಗೋಡೆ ತುಂಬ ಸಾವಿರ ಡಬ್ಬಿ, ಒಂದು ಟ್ಯೂಬ್‌ಲೈಟು, ಎರಡು ಸ್ಟೂಲು. ಎರಡನೇ ಸ್ಟೂಲು ಪುಟ್ಟಿ ಮೂರನೇ ಕ್ಲಾಸಿನಲ್ಲಿದ್ದಾಗಿನಿಂದ ಅವಳಿಗಾಗಿ ಕಾಯುತ್ತಿತ್ತು.

"ಮೂವತ್ತರೊಳಗೆ ಕೆಲಸ ಸಿಕ್ಕರೆ ನಾನು ತುಟಿ ಪಿಟಕ್ ಅನ್ನಲ್ಲ," ಎಂದಿದ್ದ ಮುಂಗೋಪಿ ಚಿಕ್ಕಪ್ಪ. "ಇಲ್ಲಾಂದ್ರೆ ಒಂದನೇ ತಾರೀಕಿಂದ ಅಂಗಡಿಗೆ ಬಂದು ಗುಂಡಿ ಎಣಿಸಬೇಕು. ಸರೀನಾ?"

"ಗುಂಡಿ ಎಣಿಸೋದೇ ನನ್ನ ಹಣೇಲಿ ಬರೆದಿದ್ರೆ ರಸ್ತೆ ಮೇಲಿನ ಗುಂಡಿ ಎಣಿಸ್ತೀನಿ, ಚಿಕ್ಕಪ್ಪ. ನಿನ್ನ ಡಬ್ಬಿಯವನ್ನಲ್ಲ."

ಅಜ್ಜಿ ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡಳು. ಪುಟ್ಟಿ ಮಾತ್ರ ಆ ರಾತ್ರಿ ಸ್ಟೂಲು ನೆನೆದು ಸರಿಯಾಗಿ ನಿದ್ದೆ ಮಾಡಲಿಲ್ಲ. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಮಂಡಳಿಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತರು ಅವಳನ್ನು ಸಭ್ಯವಾಗಿಯೇ ಮಾತಾಡಿಸಿದರು.

"ಅನುಭವ ಇದ್ದರೆ ತಾನೇ ಕೆಲಸ?" ಎಂದರು.

"ಕೆಲಸ ಕೊಟ್ಟರೆ ತಾನೇ ಅನುಭವ?" ಎಂದಳು ಪುಟ್ಟಿ.

"ಅದೂ ಸರಿ."

"ಹಂಗಾದ್ರೆ?"

"ಹಂಗಾದ್ರೆ ಅರ್ಜಿ ತುಂಬಿ. ಒಂಬತ್ತನೇ ಕಾಲಂ ಖಾಲಿ ಬಿಟ್ಟರೆ ಅಲ್ಲೇ ತಿರಸ್ಕಾರ."

ಒಂಬತ್ತನೇ ಕಾಲಂನಲ್ಲಿ 'ಹಿಂದಿನ ಅನುಭವ, ವಿವರಗಳೊಂದಿಗೆ' ಎಂದಿತ್ತು. ಪುಟ್ಟಿಗೆ ತಲೆ ಕೆಟ್ಟುಹೋಯಿತು. ಹಿಂದೆಮುಂದೆ ನೋಡದೆ ಬರೆದಳು: "ಇದೆ. ಲೈಸೆನ್ಸ್ ಪರೀಕ್ಷೆಯಲ್ಲಿ ಲಾರಿಯನ್ನು ನಾಲ್ಕು ನಿಮಿಷ ಹಿಂದಕ್ಕೆ ಓಡಿಸಿ ಎರಡು ಕಂಬಗಳ ನಡುವೆ ನಿಲ್ಲಿಸಿದ್ದೇನೆ. ಕಂಬಗಳು ಈಗಲೂ ಅಲ್ಲೇ ಇವೆ."

ಗುಮಾಸ್ತರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಆಮೇಲೆ ಎದ್ದು ಒಳಗೆ ಹೋದರು. ಕೆಲಸದ ವೇಳೆಯಲ್ಲಿ ಅವರು ಎದ್ದು ನಿಂತದ್ದನ್ನು ಅಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ.

ಅಧೀಕ್ಷಕರು ನಿಯಮಾವಳಿ ತರಿಸಿದರು. ಮುನ್ನೂರ ಹನ್ನೆರಡು ಪುಟಗಳಲ್ಲಿ ಎಲ್ಲಿಯೂ 'ಹಿಂದಿನ' ಎಂದರೆ 'ಈ ಮೊದಲಿನ' ಎಂಬ ವಿವರಣೆ ಇರಲಿಲ್ಲ. ಮಂಡಳಿ ಇಷ್ಟು ವರ್ಷ ಕೇಳುತ್ತಿದ್ದುದು ಹಿಂದಕ್ಕೆ ಓಡಿಸಿದ ಅನುಭವವನ್ನೇ, ಜನ ಅದನ್ನು ತಪ್ಪು ತಿಳಿದಿದ್ದರು ಎಂದು ತೀರ್ಮಾನವಾಯಿತು. ಕಡತವನ್ನು ಮೇಲಿನವರ ಸಹಿಗೆ ಹಿಂಬಾಗಿಲಿನಿಂದ ಕಳಿಸಿದ್ದರಿಂದ ವಾಡಿಕೆಯಂತೆ ಒಂದೇ ದಿನದಲ್ಲಿ ಕೆಲಸ ಮುಗಿಯಿತು.

ಇಪ್ಪತ್ತೊಂಬತ್ತರ ಸಂಜೆಯೊಳಗೆ ಮಂಡಳಿಯ ನಲವತ್ತು ಚಾಲಕರಿಗೂ ನೋಟಿಸು ಹೋಯಿತು: "ತಾವು ಸೇವೆಗೆ ಸೇರಿದಂದಿನಿಂದ ಲಾರಿಯನ್ನು ಬಹುತೇಕ ಮುಂದಕ್ಕೇ ಓಡಿಸಿರುವುದು ಗಮನಕ್ಕೆ ಬಂದಿದೆ. ಏಕೆ ಎಂಬುದಕ್ಕೆ ಏಳು ದಿನಗಳಲ್ಲಿ ಸಮಜಾಯಿಷಿ ನೀಡತಕ್ಕದ್ದು." ಅದೇ ಟಪಾಲಿನಲ್ಲಿ ಪುಟ್ಟಿಗೆ ನೇಮಕದ ಆದೇಶ ಬಂತು. ಮೂವತ್ತನೇ ತಾರೀಕು ಸಂಜೆ ಐದರೊಳಗೆ ಮುನ್ನೂರು ಮಡಚುವ ಕುರ್ಚಿಗಳನ್ನು ಹನ್ನೆರಡು ಕಿಲೋಮೀಟರ್ ದೂರದ ಗೋದಾಮಿಗೆ ಮುಟ್ಟಿಸಿದರೆ ಕೆಲಸ ಕಾಯಂ. ಚಾಲಕಿಯ ಅರ್ಹತೆ ಹಿಂದಿನ ಅನುಭವದ್ದಾದ್ದರಿಂದ, ಮುಂದಿನ ಆದೇಶದವರೆಗೆ ಲಾರಿಯನ್ನು ಹಿಂದಕ್ಕೆ ಮಾತ್ರ ಓಡಿಸಬೇಕು. ಪುಟ್ಟಿ ಆದೇಶ ಹಿಡಿದು ಕಚೇರಿಗೆ ಓಡಿದಳು.

"ಸರ್, ಮುಂದಕ್ಕೂ ಚೆನ್ನಾಗೇ ಓಡಿಸ್ತೀನಿ," ಎಂದಳು ಪುಟ್ಟಿ.

"ಅದಕ್ಕೆ ಮುಂದಿನ ಅನುಭವ ಬೇಕಮ್ಮ," ಎಂದರು ಅಧೀಕ್ಷಕರು. "ಮುಂದಿನದು ಇನ್ನೂ ಆಗಿಲ್ಲವಲ್ಲ, ಯಾರ ಹತ್ತಿರ ಇರುತ್ತೆ?"

"ಹೋಗೋದೇನೋ ಹಿಂದಕ್ಕೆ. ವಾಪಸ್ ಬರೋವಾಗ?"

"ವಾಪಸ್ ಬರೋದು ಅಂದ್ರೇನೇ ಹಿಂದಕ್ಕೆ ಬರೋದು ತಾನೇ? ಅದರಲ್ಲೇನು ಗೊಂದಲ?"

ಗೊಂದಲವೇನೂ ಇರಲಿಲ್ಲ. ಪುಟ್ಟಿ ಹಿಂದೇಟು ಹಾಕದೆ ಸಹಿ ಮಾಡಿದಳು.

ಮರುದಿನ ಮಧ್ಯಾಹ್ನ ಮೂರಕ್ಕೆ ಲಾರಿ ಹೊರಟಿತು. ಎರಡು ಕನ್ನಡಿಗಳ ಮೇಲೆ ಕಣ್ಣು, ಸ್ಟಿಯರಿಂಗ್ ಮೇಲೆ ಕೈ, ಬಾಯಲ್ಲಿ ಒಂದು ಚಾಕೊಲೇಟು. ಚಿಕ್ಕಪ್ಪ ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಬೆನ್ನಿಗೆ ಬಿದ್ದ. ಹುಡುಗಿ ಎಲ್ಲಿ ಕೈಕೊಡುತ್ತಾಳೆ ಎಂದು ಕಣ್ಣಾರೆ ನೋಡಬೇಕಿತ್ತಂತೆ. ಆದರೆ ಹಿಂದಕ್ಕೆ ಹೋಗುವ ಲಾರಿಯನ್ನು ಹಿಂಬಾಲಿಸುವವನಿಗೆ ಎದುರಾಗುವುದು ಅದರ ಮೂತಿ. ಹೀಗಾಗಿ ಚಿಕ್ಕಪ್ಪ, ಮಗಳು ದಾರಿಯುದ್ದಕ್ಕೂ ಗಾಜಿನ ಆಚೀಚೆ ಮುಖಾಮುಖಿ. ಅವಳ ಮುಖವನ್ನು ಅವನು ಅಷ್ಟು ಹೊತ್ತು ನೋಡಿ ವರ್ಷಗಳೇ ಆಗಿದ್ದವು. ಮೊದಲ ಎರಡು ಕಿಲೋಮೀಟರ್ ಹುಬ್ಬು ಗಂಟಿಕ್ಕಿಕೊಂಡೇ ಇದ್ದ. ಮೂರನೆಯದರಲ್ಲಿ ಅವಳು ಕನ್ನಡಿ ನೋಡುತ್ತಲೇ ನಾಲಗೆ ಚಾಚಿದಳು. ಅವನೂ ಚಾಚಿದ.

ವೃತ್ತದ ಹತ್ತಿರ ಪೊಲೀಸಿನವನು ಸೀಟಿ ಊದಿದ.

"ಏನಮ್ಮ ಇದು? ಹಿಂದಕ್ಕೆ?"

ಪುಟ್ಟಿ ಆದೇಶ ಕೊಟ್ಟಳು. ಅವನು ಮುದ್ರೆ ನೋಡಿದ, ಸಹಿ ನೋಡಿದ, ಸೆಲ್ಯೂಟ್ ಹೊಡೆದ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದ.

"ನಿಮಗೇನ್ರೀ ಬಂದಿರೋದು? ಲಾರಿ ಮೂತಿಗೇ ಮುಖ ಕೊಟ್ಕೊಂಡು ಎದುರಿಂದ ಬರ್ತಿದ್ದೀರಲ್ಲ!"

"ನಾನು ನೆಟ್ಟಗೇ ಹೋಗ್ತಿದ್ದೀನಿ, ಸ್ವಾಮಿ!"

"ಎಲ್ಲರೂ ಹಂಗೇ ಹೇಳೋದು. ನಿಮ್ಮ ಹತ್ತಿರ ಆದೇಶ ಇದೆಯಾ?"

ಚಿಕ್ಕಪ್ಪನ ಬಳಿ ಆದೇಶವಿರಲಿಲ್ಲ. ಸ್ಕೂಟರನ್ನು ಅಲ್ಲೇ ಬಿಟ್ಟು, ಉಳಿದ ದಾರಿಯನ್ನು ಲಾರಿಯಲ್ಲಿ, ಮಗಳ ಪಕ್ಕದಲ್ಲಿ ಕೂತು ಕ್ರಮಿಸತಕ್ಕದ್ದು ಎಂದು ಸ್ಥಳದಲ್ಲೇ ತೀರ್ಪಾಯಿತು. ಹತ್ತಿ ಕೂತವನು, ಎಡಗಡೆಯ ಕನ್ನಡಿ ತನ್ನ ಪಾಲಿಗೆ ಬಂದದ್ದೇ ತಡ, "ಗುಂಡಿ! ಗುಂಡಿ! ಬಲಕ್ಕೆ ಎಳಿ!" ಎಂದು ಕೂಗತೊಡಗಿದ. ಗುಂಡಿ ಗುರುತಿಸುವುದರಲ್ಲಿ ಎತ್ತಿದ ಕೈ ಅವನದು. ಒಟ್ಟು ನೂರ ನಲವತ್ತಾರು ಎಣಿಸಿದ.

ಗೋದಾಮು ಇದ್ದದ್ದು ಸೀಸೆಯ ಕುತ್ತಿಗೆಯಂಥ ಒಂದು ಇಕ್ಕಟ್ಟಿನ ಓಣಿಯ ತುದಿಯಲ್ಲಿ. ಬೇರೆ ಚಾಲಕರು ಮುಂದಕ್ಕೆ ಬಂದು, ತಿರುಗಿಸಲು ಜಾಗವಿಲ್ಲದೆ, ಅಕ್ಕಪಕ್ಕದವರ ಹತ್ತಿರ ಬೈಸಿಕೊಂಡು, ಹಿಂಭಾಗವನ್ನು ಬಾಗಿಲಿಗೆ ಹಚ್ಚಲು ಮುಕ್ಕಾಲು ಗಂಟೆ ಒದ್ದಾಡುತ್ತಿದ್ದರು. ಪುಟ್ಟಿಯ ಲಾರಿ ಸೀದಾ ಬಂದು ಬಾಗಿಲಿಗೆ ಬೆನ್ನು ತಾಗಿಸಿ ನಿಂತಿತು. ನಾಲ್ಕೂ ಐವತ್ತು. ಗೋದಾಮಿನ ಮೇಲ್ವಿಚಾರಕಿ ಚಹದ ಲೋಟ ಕೆಳಗಿಟ್ಟರು.

"ಇಪ್ಪತ್ತು ವರ್ಷದಲ್ಲಿ ಒಂದು ಲಾರಿ ನೆಟ್ಟಗೆ ಬಂದು ನಿಂತದ್ದು ಇದೇ ಮೊದಲು," ಎಂದು ರಸೀದಿಗೆ ಸಹಿ ಹಾಕಿದರು. ಚಿಕ್ಕಪ್ಪ ರಸೀದಿಯನ್ನು ಎರಡೂ ಕೈಯಲ್ಲಿ ಹಿಡಿದು ಓದಿ, ಕಣ್ಣಿಗೆ ಧೂಳು ಬಿತ್ತೆಂದು ಆ ಕಡೆ ತಿರುಗಿಕೊಂಡ. ಪುಟ್ಟಿಗೆ ಕುಣಿಯುವಷ್ಟು ಸಂತೋಷವಾಯಿತು, ಕುಣಿದೂಬಿಟ್ಟಳು.

ಮುಂದಿನ ಬೆಳವಣಿಗೆಗಳು ಸಹಜವಾಗಿಯೇ ಹಿಂದಿನವಾಗಿದ್ದವು. ನಲವತ್ತು ಚಾಲಕರೂ ಪುಟ್ಟಿಯ ಕೈಕೆಳಗೆ ತರಬೇತಿಗೆ ಸೇರಿದರು. ಕತ್ತು ಉಳುಕಿದವರಿಗೆ ಕಚೇರಿಯಿಂದಲೇ ಎಣ್ಣೆ ಮಂಜೂರಾಯಿತು. ಸಮವಸ್ತ್ರದ ಗುಂಡಿಗಳು ಇನ್ನು ಬೆನ್ನಿನ ಮೇಲಿರತಕ್ಕದ್ದು ಎಂದು ಸುತ್ತೋಲೆ ಹೊರಟಿತು. ಗುಂಡಿ ಒದಗಿಸುವ ಗುತ್ತಿಗೆ ಚಿಕ್ಕಪ್ಪನಿಗೆ ಸಿಕ್ಕಿತು. ಚಾಲಕರು ಈಗ ಬೆಳಿಗ್ಗೆ ಒಬ್ಬರ ಗುಂಡಿ ಒಬ್ಬರು ಹಾಕುವುದರಿಂದ ಅವರಲ್ಲಿ ಜಗಳ ಕಡಿಮೆಯಾಗಿದೆಯೆಂದು ವರದಿಯಾಗಿದೆ.

ಒಂದು ದಿನ ಅಜ್ಜಿ ತಾನೇ ಕಚೇರಿಗೆ ಹೋಗಿ ಅಧೀಕ್ಷಕರನ್ನು ಕೇಳಿದಳು: "ಅಲ್ಲಪ್ಪ, ನಮ್ಮ ಹುಡುಗಿ ಇನ್ನೆಷ್ಟು ದಿನ ಹಿಂಗೇ ಓಡಿಸಬೇಕು?"

"ಮುಂದಿನ ಆದೇಶದವರೆಗೆ, ಅಮ್ಮ."

"ಅದು ಯಾವಾಗ ಬರುತ್ತೆ?"

"ಬರಲ್ಲ. ಈ ಕಚೇರಿಯಿಂದ ಈಗ ಹಿಂದಿನ ಆದೇಶಗಳು ಮಾತ್ರ ಹೊರಡೋದು."

"ಸದ್ಯ, ಬದುಕಿದೆ!" ಎಂದು ಅಜ್ಜಿ ನಿಟ್ಟುಸಿರು ಬಿಟ್ಟಳು. ಅಧೀಕ್ಷಕರಿಗೆ ಆಶ್ಚರ್ಯವಾಗಿ ಕಾರಣ ಕೇಳಿದರು.

"ಮನೆಯಿಂದ ಯಾರೇ ಹೊರಟರೂ ಬೆನ್ನು ನೋಡ್ಕೊಂಡು ನಿಲ್ಲಬೇಕಪ್ಪ," ಎಂದಳು ಅಜ್ಜಿ. "ಇವಳೊಬ್ಬಳ ಮುಖ ಮಾತ್ರ ರಸ್ತೆ ತಿರುಗೋವರೆಗೂ ಕಾಣ್ಸುತ್ತೆ."

ಅಧೀಕ್ಷಕರು ಇದನ್ನು ಕಡತದಲ್ಲಿ ಬರೆದುಕೊಂಡರು. ಸಾರ್ವಜನಿಕರಿಂದ ಬಂದ ಆಕ್ಷೇಪಣೆ: ಇಲ್ಲ.