ಮಗಳಿಗೆ ನಾನು ಸಿಲೆಬಸ್ ಆರಿಸಿದ್ದು

ಬೋಲ್ಟು ಆರಿಸುವವನಿಗೆ ಸಿಲೆಬಸ್ ಆರಿಸುವುದು ಯಾವ ಮಹಾ ಕೆಲಸ? ಮಗಳ ವಿದ್ಯಾಭ್ಯಾಸದ ಹೊಣೆಯನ್ನು ಕೈಗೆತ್ತಿಕೊಂಡ ದಿನ ನಾನು ಹೀಗೇ ಯೋಚಿಸಿದ್ದೆ.

ನಾನು ದಾವಣಗೆರೆಯವನು. ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಹದಿನೇಳು ವರ್ಷಗಳಿಂದ ಗುಣಮಟ್ಟ ಪರೀಕ್ಷಕ. ಬೋಲ್ಟು ಕೈಗೆ ಬರುತ್ತದೆ, ಅಳೆಯುತ್ತೇನೆ. ಸರಿಯಿದ್ದರೆ ಬಲಗಡೆಯ ಡಬ್ಬಿ, ಇಲ್ಲವಾದರೆ ಎಡಗಡೆಯ ಡಬ್ಬಿ. ಕೂದಲೆಳೆಯಷ್ಟು ದೋಷವಿದ್ದರೂ ನನ್ನ ಕಣ್ಣಿನಿಂದ ತಪ್ಪಿಸಿಕೊಳ್ಳುವುದಿಲ್ಲ ಎಂದು ಮ್ಯಾನೇಜರ್ ಒಮ್ಮೆ ಹೇಳಿದ್ದರು. ಅವರು ಹೇಳಿದ್ದು ಒಮ್ಮೆ. ನಾನು ಹೇಳಿಕೊಂಡು ತಿರುಗಿದ್ದು ಹದಿನೇಳು ವರ್ಷ.

ನನ್ನ ಮಗಳು ಸಿಂಚನಾಗೆ ಒಂಬತ್ತು ವರ್ಷ. ಒಂದು ಸಲ ಕೇಳಿದ ಕಥೆಯನ್ನು ಅಕ್ಷರ ಬಿಡದೆ ಹೇಳುತ್ತಾಳೆ. ಒಂದು ಸಲ ಹೋದ ದಾರಿಯನ್ನು ಮರೆಯುವುದಿಲ್ಲ. ಆದರೆ ಪುಸ್ತಕ ತೆರೆದರೆ ಅಕ್ಷರಗಳು ಅವಳ ಕಣ್ಣೆದುರೇ ಜಾಗ ಬದಲಿಸುತ್ತವೆ. ‘ಮ’ ಹೋಗಿ ‘ವ’ ಆಗುತ್ತದೆ, ‘ಬ’ ಹೋಗಿ ‘ಭ’ ಆಗುತ್ತದೆ. ಮಕ್ಕಳ ತಜ್ಞರು ಎರಡು ದಿನ ಪರೀಕ್ಷೆ ಮಾಡಿ, "ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ. ಬುದ್ಧಿ ಚುರುಕಾಗೇ ಇದೆ. ಕಲಿಸೋ ರೀತಿ ಬದಲಾಗಬೇಕು, ಅಷ್ಟೆ" ಎಂದು ಬರೆದುಕೊಟ್ಟರು.

ಆ ವರದಿಯನ್ನು ಶಾಲೆಗೆ ಒಯ್ದೆವು. ಹೆಡ್‌ಮಿಸ್ ಅದನ್ನು ಎರಡೇ ಬೆರಳುಗಳಲ್ಲಿ ಹಿಡಿದು ಓದಿದರು.

"ಮಗು ಭಾಳ ಒಳ್ಳೇದೈತೆ ಸರ್. ಆದ್ರೆ ನಮ್ಮ ಶಾಲೆ ರಿಸಲ್ಟ್ ನೂರಕ್ಕೆ ನೂರು ಐತೆ ನೋಡ್ರಿ..."

ಮಾತನ್ನು ಅಲ್ಲಿಗೇ ನಿಲ್ಲಿಸಿ ಬಾಗಿಲ ಕಡೆ ನೋಡಿದರು. ಓದಲು ಬರುವ ಮಕ್ಕಳಿಗೆ ಓದು ಕಲಿಸುವುದರಲ್ಲಿ ಆ ಶಾಲೆಯನ್ನು ಮೀರಿಸುವವರು ಇಡೀ ಜಿಲ್ಲೆಯಲ್ಲೇ ಇಲ್ಲ!

ಬೈಕಿನಲ್ಲಿ ವಾಪಸ್ಸು ಬರುವಾಗ ನನಗೂ ಹೆಂಡತಿ ಶೈಲಾಗೂ ನಡುವೆ ಕುಳಿತಿದ್ದ ಸಿಂಚು ಕೇಳಿದಳು, "ಅಪ್ಪಾ, ನಾನು ದಡ್ಡೀನಾ?"

"ಅಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ನಾನು ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳ ಬಾಲ್ಯದ ಬಗ್ಗೆ ಭಾಷಣ ಶುರುಮಾಡಿದೆ. ಎರಡನೇ ಸಿಗ್ನಲ್ ದಾಟುವಷ್ಟರಲ್ಲಿ ಮಗು ನನ್ನ ಬೆನ್ನಿಗೆ ಒರಗಿ ನಿದ್ದೆ ಹೋಗಿತ್ತು. ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ.

ಮನೆಗೆ ಬಂದ ಶೈಲಾ ಹೊಲಿಗೆ ಯಂತ್ರದ ಮುಂದೆ ಕುಳಿತು ನಿರ್ಧಾರ ಹೇಳಿದಳು. "ಒಂದು ವರ್ಷ ಮನ್ಯಾಗೇ ಕಲಿಸೋಣ. ಇವಳಿಗೆ ಹೊಂದೋ ಪಾಠ ಯಾವುದು ಅಂತ ತಿಳಿದೋರನ್ನ ಯಾರನ್ನಾದ್ರೂ ಕೇಳ್ರಿ."

ತಿಳಿದವರನ್ನು ಕೇಳುವುದೇ? ಮನೆಯಲ್ಲೇ ಒಬ್ಬ ಗುಣಮಟ್ಟ ಪರೀಕ್ಷಕ ಇರುವಾಗ!

ಮೂರು ದಿನ ಮೊಬೈಲ್ ತಡಕಾಡಿ ಒಂದು ವಿದೇಶಿ ಸಿಲೆಬಸ್ ಹಿಡಿದೆ. ವಿಶೇಷ ಕಲಿಕೆಯ ಮಕ್ಕಳಿಗೆಂದೇ ಮಾಡಿದ್ದಂತೆ. ಮುಖಪುಟದಲ್ಲಿ ನಗುವ ಮಗು, ನಗುವ ಅಮ್ಮ, ನಗುವ ನಾಯಿ. ನಾಯಿಗೂ ಓದು ಬಂದ ಹಾಗಿತ್ತು. ಮೊದಲ ಪಾಠ ಹೀಗಿತ್ತು: ‘ಹೊರಗೆ ಹೋಗಿ ಒಂದು ತಟ್ಟೆ ತುಂಬ ಹಿಮ ತನ್ನಿ. ಅದರ ಮೇಲೆ ಮಗು ಬೆರಳಿನಿಂದ ಅಕ್ಷರ ಬರೆಯಲಿ.’

ಹೊರಗೆ ಹೋಗಿ ನೋಡಿದೆ. ದಾವಣಗೆರೆಯ ಏಪ್ರಿಲ್ ತಿಂಗಳು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

"ತಟ್ಟೆಗೆ ರವೆ ಹಾಕಿದ್ರೆ ಆಗಲ್ವಾ?" ಎಂದಳು ಶೈಲಾ.

"ಸ್ಪೆಸಿಫಿಕೇಶನ್ನಿನಲ್ಲಿ ಹಿಮ ಅಂತ ಇದೆ. ರವೆ ಅಂತ ಇಲ್ಲ" ಎಂದೆ, ಗಂಭೀರವಾಗಿ.

ನಮ್ಮ ಹಳೆಯ ಫ್ರಿಜ್‌ನ ಮೇಲಿನ ಪೆಟ್ಟಿಗೆಯಲ್ಲಿ ಗೇಣುದ್ದ ಮಂಜು ಗಟ್ಟಿಯಾಗಿ ಕೂತಿತ್ತು. ಚಮಚದಿಂದ ಕೆರೆದೆ. ಬರಲಿಲ್ಲ. ಸೌಟಿನಿಂದ ಕೆರೆದೆ. ಸೌಟು ಬಾಗಿತು. ಹದಿನೇಳು ವರ್ಷದ ಅನುಭವ ಎಚ್ಚೆತ್ತಿತು. ಸ್ಕ್ರೂಡ್ರೈವರ್ ತಂದು, ಹಿಡಿಕೆಯ ಮೇಲೆ ಸುತ್ತಿಗೆಯಿಂದ ಒಂದೇ ಒಂದು ಏಟು ಕೊಟ್ಟೆ.

ಬುಸ್ಸ್!

"ಏನ್ರೀ ಅದು ಹಾವಿನ ಸದ್ದು?" ಶೈಲಾ ಕತ್ತರಿ ಹಿಡಿದುಕೊಂಡೇ ಓಡಿ ಬಂದಳು.

ಹಾವಲ್ಲ. ಫ್ರಿಜ್‌ನ ಪ್ರಾಣ ಹೋದ ಸದ್ದು. ಎರಡು ಓಣಿ ಆಚೆಯ ಫ್ರಿಜ್ ಮೆಕ್ಯಾನಿಕ್ ನಜೀರ್ ಸಾಬರು ಬಂದು, ಪೆಟ್ಟಿಗೆಯಲ್ಲಿ ಬಿದ್ದಿದ್ದ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದರು.

"ಸ್ಕ್ರೂಡ್ರೈವರ್ ಯಾಕ ಹಾಕಿದ್ರಿ ಸಾಬ್?"

"ಮಗಳ ಪಾಠಕ್ಕೆ."

"ಪಾಠ ಯಾರಿಗೆ ಆತ್ರಿ?" ಎಂದು ಕೇಳಿ ಅವರು ಫ್ರಿಜ್ ಅನ್ನು ಗೋಡೆಯಿಂದ ಈಚೆಗೆ ಎಳೆದರು. ಸಿಂಚು ಮಾತ್ರ ಅಂದು ಬಹಳ ಸಂತೋಷವಾಗಿದ್ದಳು. ಕರಗುತ್ತಿದ್ದ ಐಸ್‌ಕ್ರೀಂ ಅನ್ನು ಅವಳೊಬ್ಬಳೇ ತಿಂದು ಮುಗಿಸಬೇಕಾಗಿ ಬಂದಿತ್ತು.

ವಿದೇಶಿ ಸಿಲೆಬಸ್ ಎಡಗಡೆಯ ಡಬ್ಬಿಗೆ ಬಿತ್ತು. ತಪ್ಪು ನನ್ನದಲ್ಲ, ಹವಾಮಾನದ್ದು ಎಂದು ತೀರ್ಪು ಕೊಟ್ಟುಕೊಂಡೆ.

ಮುಂದಿನ ವಾರ ಕಾರ್ಖಾನೆಯಲ್ಲಿ ಯಾರೋ ಒಂದು ಕರಪತ್ರ ಕೊಟ್ಟರು. ‘ಮಿದುಳಿನ ಮಧ್ಯಭಾಗ ಜಾಗೃತಿ! ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದುವ ಮಕ್ಕಳು! ಓದಿನಲ್ಲಿ ಹಿಂದುಳಿದವರಿಗೆ ವಿಶೇಷ ಮನೆಪಾಠ ಕ್ರಮ!’

ಶೈಲಾ ಕರಪತ್ರ ಓದಿ ನನ್ನ ಮುಖ ನೋಡಿದಳು. "ಕಣ್ಣು ಬಿಟ್ಟು ಓದಾಕೇ ಕಷ್ಟ ಪಡೋ ಮಗೂಗೆ ಕಣ್ಣು ಕಟ್ಟಿ ಓದಿಸ್ತಾರಾ? ಬ್ಯಾಡ ಸುಮ್ನಿರ್ರಿ."

"ನಿನಗೆ ವಿಜ್ಞಾನ ಗೊತ್ತಿಲ್ಲ" ಎಂದೆ. ನನಗೂ ಗೊತ್ತಿರಲಿಲ್ಲ. ಆದರೆ ನನ್ನ ದನಿ ದಪ್ಪ.

ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಆ ಕೇಂದ್ರ. ನೀಲಿ ಕೋಟು ತೊಟ್ಟ ಗುರುಗಳು ಆರು ಮಕ್ಕಳ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದರು. ಮಕ್ಕಳು ಕಾರ್ಡುಗಳನ್ನು ಮೂಗಿನ ಕೆಳಗೆ ಹಿಡಿದು "ಕೆಂಪು", "ನಾಲ್ಕು", "ಗಿಳಿ" ಎಂದು ಪಟಪಟ ಹೇಳಿದವು. ನಾನು ಬೆರಗಾದೆ. ಗುರುಗಳು ಸಿಂಚುಗೂ ಪಟ್ಟಿ ಕಟ್ಟಿದರು. ತಲೆಯನ್ನು ಕೊಂಚ ಹಿಂದಕ್ಕೆ ಬಾಗಿಸಿ ಅವಳು, "ಹಳದಿ" ಎಂದಳು. ಹಳದಿಯೇ! ನಾನು ಕುರ್ಚಿಯಿಂದ ಎದ್ದು ನಿಂತೆ.

"ನೋಡಿದ್ರಾ? ಮಗೂಗೆ ಆಗ್ಲೇ ಜಾಗೃತಿ ಆತು. ನಂಬಿಕೆ ಮುಖ್ಯ. ಪೋಷಕರೂ ಒಮ್ಮೆ ಮಾಡಿ ನೋಡಬಹುದು" ಎಂದರು ಗುರುಗಳು. ಯಾರೂ ಏಳಲಿಲ್ಲ. ನಾನು ಎದ್ದೇ ನಿಂತಿದ್ದೆನಲ್ಲ.

ಪಟ್ಟಿ ಕಟ್ಟಿದರು. ನನ್ನದು ದೊಡ್ಡ ಮುಖ, ಅಗಲವಾದ ಮೂಗು. ಪಟ್ಟಿ ಗಟ್ಟಿಯಾಗಿ ಕೂತಿತು. ಕಗ್ಗತ್ತಲೆ. ಕೈಗೊಂದು ಕಾರ್ಡು ಬಂತು. ಜಾಗೃತಿಗಾಗಿ ಕಾದೆ. ಬರಲಿಲ್ಲ. ಆದರೂ ಮಗಳ ಮುಂದೆ ಸೋಲಬಾರದಲ್ಲ?

"ನೀಲಿ!" ಎಂದೆ. ಸದ್ದಿಲ್ಲ. "ಏಳು!" ಎಂದೆ. ಯಾರೋ ಕೆಮ್ಮಿದರು. "ಆನೆ!" ಎಂದು ಘೋಷಿಸಿ, ಆತ್ಮವಿಶ್ವಾಸದಿಂದ ಎರಡು ಹೆಜ್ಜೆ ಮುಂದಿಟ್ಟೆ. ಅಲ್ಲಿ ಕುಡಿಯುವ ನೀರಿನ ಕ್ಯಾನ್ ಇತ್ತು. ಕ್ಯಾನ್ ಗುರುಗಳ ಮೇಲೆ ಬಿತ್ತು, ನಾನು ಕ್ಯಾನಿನ ಮೇಲೆ ಬಿದ್ದೆ.

ನೆಲದ ಮೇಲೆ ತೊಯ್ದು ಮಲಗಿದ್ದ ನನ್ನ ಕಿವಿಯಲ್ಲಿ ಸಿಂಚು ಪಿಸುಗುಟ್ಟಿದಳು. "ಅಪ್ಪಾ, ಮೂಗಿನ ಪಕ್ಕ ಸಂದಿ ಐತೆ. ಅಲ್ಲಿಂದ ಕೆಳಗೆ ನೋಡ್ಬೇಕು. ಎಲ್ರೂ ಹಂಗೇ ನೋಡಾದು."

"ಪೋಷಕರಾಗ ನೆಗೆಟಿವ್ ಎನರ್ಜಿ ಭಾಳ ಐತೆ" ಎಂದು ಗುರುಗಳು ಕೋಟು ಹಿಂಡುತ್ತ ಹೇಳಿದರು. ಜಾಗೃತಿ ಆ ಕೋಣೆಯಲ್ಲಿ ಒಬ್ಬಳಿಗೆ ನಿಜಕ್ಕೂ ಆಗಿತ್ತು. ಅವಳನ್ನು ಕರೆದುಕೊಂಡು ಮನೆಗೆ ಬಂದೆ.

ಇಷ್ಟಾದ ಮೇಲೆ ಬುದ್ಧಿ ಇರುವ ಯಾರಾದರೂ ನಿಲ್ಲಿಸುತ್ತಿದ್ದರು. ನಾನು ಸ್ವಂತ ಸಿಲೆಬಸ್ ಬರೆದೆ!

ಬೆಳಿಗ್ಗೆ ಆರೂವರೆಗೆ ತಟ್ಟೆ ಬಡಿದು ಗಂಟೆ. ದಿನಕ್ಕೆ ಎಂಟು ಪೀರಿಯಡ್. ಪ್ರತಿ ಪೀರಿಯಡ್‌ಗೆ ಗುಣಮಟ್ಟ ತಪಾಸಣೆ. ತಪಾಸಣೆಗೆಂದು ಕಾರ್ಖಾನೆಯಿಂದ ಎರಡು ರಬ್ಬರ್ ಸ್ಟ್ಯಾಂಪ್ ತಂದಿದ್ದೆ. ಹಸಿರು ಬಣ್ಣದ್ದು ‘ಪಾಸ್’, ಕೆಂಪು ಬಣ್ಣದ್ದು ‘ರಿಜೆಕ್ಟ್’.

ಎರಡು ದಿನ ಸಿಂಚು ಕಷ್ಟಪಟ್ಟು ಬರೆದಳು. ಮೂರನೇ ದಿನ ಒಂದು ಪುಟವಿಡೀ ‘ಮನೆ’ ಎಂದು ಬರೆದು ತಂದಳು. ಅರ್ಧದಷ್ಟು ‘ವನೆ’ ಆಗಿದ್ದವು. ನನ್ನ ಕೈ ಅಭ್ಯಾಸಬಲದಿಂದ ಕೆಂಪು ಸ್ಟ್ಯಾಂಪ್ ಎತ್ತಿ ಠಪ್ಪೆಂದು ಒತ್ತಿತು. ಕೈ ಎನ್ನುತ್ತಿದ್ದೇನೆ. ಒತ್ತಿದ್ದು ನಾನೇ.

ಸ್ಟ್ಯಾಂಪಿನ ಪದವನ್ನು ಓದಲು ಅವಳಿಗೆ ಬರುತ್ತಿರಲಿಲ್ಲ. ಕೆಂಪನ್ನು ಓದಲು ಬರುತ್ತಿತ್ತು. ಅಳಲಿಲ್ಲ, ಸಿಟ್ಟಾಗಲಿಲ್ಲ. ಪುಸ್ತಕ ಮುಚ್ಚಿ ಹೊಲಿಗೆ ಯಂತ್ರದ ಕೆಳಗೆ ತಳ್ಳಿ, ಅಮ್ಮನ ಹತ್ತಿರ ಹೋಗಿ ಗುಂಡಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ ಕುಳಿತಳು. ಮರುದಿನ ನಾನು ತಟ್ಟೆ ಬಡಿದರೂ ಏಳಲಿಲ್ಲ. ಅದರ ಮರುದಿನವೂ ಇಲ್ಲ.

ಶೈಲಾ ಎರಡೂ ಸ್ಟ್ಯಾಂಪ್‌ಗಳನ್ನು ತೆಗೆದು ನನ್ನ ಊಟದ ಡಬ್ಬಿಯ ಚೀಲಕ್ಕೆ ಹಾಕಿದಳು. "ಇವನ್ನ ಬೋಲ್ಟಿಗೆ ಹಾಕ್ರಿ. ನನ್ನ ಮಗಳು ಬೋಲ್ಟಲ್ಲ."

ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ನನ್ನನ್ನು ನಾನೇ ಎಡಗಡೆಯ ಡಬ್ಬಿಗೆ ಹಾಕಿಕೊಂಡೆ.

ಫ್ರಿಜ್‌ಗೆ ಗ್ಯಾಸ್ ತುಂಬಲು ಬಂದ ನಜೀರ್ ಸಾಬರ ಮುಂದೆ ಶೈಲಾ ಎಲ್ಲವನ್ನೂ ಹೇಳಿಬಿಟ್ಟಳು. ಕ್ಯಾನಿನ ವಿಷಯವನ್ನೂ ಬಿಡಲಿಲ್ಲ. ಅವರು ನಗು ತಡೆದುಕೊಂಡು, "ನಮ್ಮ ಅಕ್ಕ ಫರೀದಾ ಟೀಚರ್ ಹರಿಹರದಾಗ ಅದಾರ್ರಿ. ರಿಟೈರ್ ಆಗ್ಯಾರೆ. ಇಂಥಾ ಮಕ್ಕಳಿಗೆ ಕಲಿಸಾಕೇ ಬ್ಯಾರೆ ಟ್ರೇನಿಂಗ್ ಮಾಡ್ಯಾರೆ. ಒಮ್ಮೆ ಕರ್ಕೊಂಡು ಹೋಗ್ರಿ" ಎಂದರು.

ಎರಡು ಓಣಿ ಸುತ್ತಿದ್ದರೆ ಸಿಗುತ್ತಿದ್ದ ಮಾತನ್ನು ನಾನು ಎರಡು ಖಂಡ ಸುತ್ತಿ ಹುಡುಕಿದ್ದೆ!

ಭಾನುವಾರ ಬಾತಿ ಗ್ರಾಮ ದಾಟಿ ಹರಿಹರಕ್ಕೆ ಹೋದೆವು. ಸಿಲೆಬಸ್‌ಗಳನ್ನು ಹೋಲಿಸಿ ನಾನು ಮಾಡಿದ್ದ ದಪ್ಪ ಫೈಲನ್ನು ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಬಿಳಿ ಕೂದಲಿನ ಫರೀದಾ ಟೀಚರ್ ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೂ ತಾಳ್ಮೆಯಿಂದ ತಿರುವಿದರು.

"ಭಾಳ ಶ್ರಮ ಪಟ್ಟೀರಿ. ಇದ್ರಾಗೆ ಸಿಂಚು ಎಲ್ಲದಾಳ್ರಿ?"

ನಾನು ಫೈಲ್ ಇಸಿದುಕೊಂಡು ಹುಡುಕಿದೆ. ಮೊದಲ ಪುಟದಲ್ಲಿ ‘ಮಗುವಿನ ಹೆಸರು’ ಎಂಬ ಸಾಲಿತ್ತು. ಅದನ್ನು ತುಂಬಿರಲಿಲ್ಲ.

"ಪುಸ್ತಕ ಆಮೇಲೆ ಆರಿಸಾಣ. ಮೊದ್ಲು ಇವಳನ್ನ ನೋಡಾಣ" ಎಂದು ಟೀಚರ್ ಸಿಂಚುವಿನ ಪಕ್ಕ ನೆಲದ ಮೇಲೆ ಕುಳಿತರು. ಸಿಂಚು ಅವರನ್ನೂ ಕೇಳಿದಳು, "ನಾನು ದಡ್ಡೀನಾ?"

"ಅಲ್ಲವ್ವಾ" ಎಂದರು ಟೀಚರ್. ಭಾಷಣವಿಲ್ಲ, ವಿಜ್ಞಾನಿಗಳಿಲ್ಲ. ಸೀಮೆಸುಣ್ಣ ತೆಗೆದು ಕಪ್ಪು ನೆಲದ ಮೇಲೆ ಒಂದೇ ಒಂದು ಅಕ್ಷರವನ್ನು ಮೊಳದುದ್ದ ಬರೆದರು. ಮಗಳು ಅದರ ಮೇಲೆ ನಡೆದಾಡಿದಳು. ಒಂದು ವಾರ ಬರೀ ‘ಮ’. ಅದರ ಮರುವಾರ ‘ವ’. ಎರಡನ್ನೂ ಎಂದೂ ಒಟ್ಟಿಗೆ ತರಲಿಲ್ಲ.

ವಾರಕ್ಕೆ ಮೂರು ದಿನ ನಾನು ಅವಳನ್ನು ಹರಿಹರಕ್ಕೆ ಕರೆದೊಯ್ಯುತ್ತಿದ್ದೆ. ಕರೆದೊಯ್ದವನು ಹೊರಗಿರಬೇಕಲ್ಲವೇ? ಒಳಗೇ ಕೂರುತ್ತಿದ್ದೆ. "ಬೆನ್ನು ನೆಟ್ಟಗೆ" ಎನ್ನುತ್ತಿದ್ದೆ. ಅವಳು ಯೋಚಿಸುತ್ತಿದ್ದಾಗ ಉತ್ತರ ಪಿಸುಗುಟ್ಟುತ್ತಿದ್ದೆ. ಒಮ್ಮೆ ಟೀಚರ್ ಬರೆದ ‘ಳ’ದ ಅಳತೆ ಕೊಂಚ ಹೆಚ್ಚಾಯಿತು ಎಂದೂ ತಿಳಿಸಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

ಐದನೇ ತಿಂಗಳ ಒಂದು ಸಂಜೆ ನಾವು ಹೋದಾಗ ಬಾಗಿಲ ಮೇಲೆ ದೊಡ್ಡ ಅಕ್ಷರಗಳ ಒಂದು ಹಾಳೆ ಅಂಟಿಸಿತ್ತು. ನಾನು ಬೈಕಿಗೆ ಸ್ಟ್ಯಾಂಡ್ ಹಾಕುತ್ತಿದ್ದೆ. ಸಿಂಚು ಹಾಳೆಯ ಮುಂದೆ ನಿಂತಳು. ಬೆರಳಿಟ್ಟಳು.

"ಪಾ... ಠ... ದ. ಪಾಠದ. ವೇ... ಳೆ. ವೇಳೆ."

ನನ್ನ ಕೈ ಹ್ಯಾಂಡಲ್ ಮೇಲೆಯೇ ನಿಂತಿತು. ಯಾರೂ ಹೇಳಿಕೊಡದೆ, ಯಾರೂ ಪಿಸುಗುಟ್ಟದೆ, ನನ್ನ ಮಗಳು ಓದುತ್ತಿದ್ದಳು!

"ಅಪ... ಅಲ್ಲ. ಅಪ್... ಅಪ್ಪ! ಒಳಗೆ. ಬರ... ಬಾ... ರದು. ಬರಬಾರದು!"

ಹುಟ್ಟಿದಾಗಿನಿಂದ ಅವಳು ಪೂರ್ತಿಯಾಗಿ ಓದಿದ ಮೊದಲ ವಾಕ್ಯ. ನನ್ನ ಕಣ್ಣು ತುಂಬಿ ಬಂತು. ಬೈಕು ಬಿದ್ದದ್ದನ್ನೂ ಗಮನಿಸದೆ ನಡುರಸ್ತೆಯಲ್ಲಿ ಚಪ್ಪಾಳೆ ತಟ್ಟಿದೆ. "ಇನ್ನೊಮ್ಮೆ ಓದವ್ವಾ!" ಎಂದು ಕೂಗಿದೆ. ಅವಳು ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಓದಿದಳು. ಎದುರುಮನೆಯ ಎರಡು ಕಿಟಕಿ ತೆರೆದವು.

ಆಗ ನನಗೆ ವಾಕ್ಯದ ಅರ್ಥ ಹೊಳೆಯಿತು.

ಟೀಚರ್ ಬಾಗಿಲಿಗೆ ಬಂದರು. "ಒತ್ತಕ್ಷರ ಬರದಂಗೆ ಬರೀಬೇಕು ಅಂತ ನೋಡಿದ್ನಿ ಸರ್. ನಿಮ್ಮೊಬ್ಬರನ್ನ ಬಿಡಾಕೆ ಆಗ್ಲಿಲ್ಲ."

ಸಿಂಚು ಚಪ್ಪಲಿ ಬಿಟ್ಟು ಒಳಗೆ ಓಡಿದಳು. ಓದಿದ್ದೇನೋ ಓದಿದಳು, ಅರ್ಥವಾಗಿದೆಯೋ ಇಲ್ಲವೋ ಪರೀಕ್ಷಿಸಿಯೇಬಿಡೋಣ ಎಂದು ನಾನು ಮೆಟ್ಟಿಲು ಹತ್ತಿದೆ.

ಒಳಗಿನಿಂದ ಚಿಲಕ ಬಿತ್ತು.

ಅರ್ಥವಾಗಿತ್ತು!