ಟವೆಲ್ಲಿನ ಗುಟ್ಟು ತಿಳಿಯದ ಎಕ್ಸ್‌ಟೆನ್ಷನ್ನಿಗೆ

ಮಾನ್ಯರೇ,

ಬ್ರೌಸರಿನ ಮೂಲೆಯಲ್ಲಿ ಹಸಿರು ಗುರಾಣಿಯಾಗಿ ವಿರಾಜಮಾನರಾಗಿರುವ, ವಿಡಿಯೋ ಕರೆ ಮಾಡುವವರ ಐಪಿ ವಿಳಾಸವನ್ನು ಹಗಲಿರುಳು ಕಾಯುವ ತಮಗೆ, ಹಾವೇರಿ ದನದ ಸಂತೆಯಲ್ಲಿ ನಲವತ್ತು ವರ್ಷ ದಲಾಲಿ ಮಾಡಿ ಈಗ ರಾಣೆಬೆನ್ನೂರಿನಲ್ಲಿ ಮೊಣಕಾಲು ನೀವಿಕೊಂಡು ಕುಳಿತಿರುವ ಫಕ್ರುದ್ದೀನನ ಅನಂತ ವಂದನೆಗಳು. ತಾವು ನಮಸ್ಕಾರಕ್ಕೆ ಒಲಿಯುವವರೋ ಸಲಾಮಿಗೆ ಒಲಿಯುವವರೋ ತಿಳಿಯದ್ದರಿಂದ ಎರಡನ್ನೂ ಕಳಿಸಿದ್ದೇನೆ. ಬೇಡವಾದದ್ದನ್ನು ಬಾಗಿಲಲ್ಲೇ ತಡೆಯುವುದು ತಮಗೆ ಹೇಗೂ ಚೆನ್ನಾಗಿ ಗೊತ್ತು.

ತಮ್ಮ ಪರಿಚಯ ನಮಗಾದದ್ದು ಹೀಗೆ. ನನ್ನ ಮಗಳು ಸಾನಿಯಾ ಬ್ಯಾಡಗಿಯ ಗಂಡನ ಮನೆಯಲ್ಲಿ ಪೆಟ್ಟು ತಿಂದೂ ತಿಂದೂ ಸಾಕಾಗಿ ಒಂದು ದಿನ ಉಟ್ಟ ಬಟ್ಟೆಯಲ್ಲೇ ಹೊರಬಿದ್ದಳು. ಎಂಟು ವರ್ಷದ ಶಾಹೀನ್‌ಳನ್ನು ಮಾತ್ರ ಅಳಿಯ ನಯಾಜ ಬಿಟ್ಟುಕೊಡಲಿಲ್ಲ. ಅವನು ಹುಡುಕಿಕೊಂಡು ಬಂದಾನೆಂದು ಸಾನಿಯಾಳನ್ನು ಮೇಡ್ಲೇರಿಯಲ್ಲಿ ನನ್ನ ತಂಗಿ ಬಿಸ್ಮಿಲ್ಲಾಬಿಯ ಮನೆಯಲ್ಲಿ ಗುಟ್ಟಾಗಿ ಇರಿಸಿದೆವು. ಮಗು ಯಾರ ಬಳಿ ಇರಬೇಕೆಂಬುದು ತೀರ್ಮಾನವಾಗುವವರೆಗೆ, ಪ್ರತಿ ರವಿವಾರ ಬೆಳಗ್ಗೆ ಹನ್ನೊಂದರಿಂದ ಅರ್ಧ ಗಂಟೆ ತಾಯಿ ಮಗಳು ವಿಡಿಯೋದಲ್ಲಿ ಮಾತಾಡಬಹುದೆಂದು ಕೋರ್ಟು ಹೇಳಿತು. ಇಂಥ ಕರೆಯಲ್ಲಿ ಎರಡೂ ಕಡೆಯ ಯಂತ್ರಗಳು ಐಪಿ ವಿಳಾಸವೆಂಬ ಅಂಕಿಗಳನ್ನು ಪರಸ್ಪರ ತಿಳಿಸಿಕೊಳ್ಳುತ್ತವೆ, ಬಲ್ಲವರು ಅದರಿಂದ ನೀವು ಯಾವ ಕಡೆ ಇದ್ದೀರೆಂಬ ಸುಳಿವು ಹಿಡಿಯಬಹುದು, ಅದನ್ನು ಮುಚ್ಚುವಂಥದ್ದೊಂದನ್ನು ಹಾಕಿಕೊಳ್ಳಿ ಎಂದು ನಮ್ಮ ವಕೀಲರಾದ ಪದ್ಮಜಾ ಅವರು ಹೇಳಿದರು. ಹೀಗೆ ತಾವು ನಮ್ಮ ಲ್ಯಾಪ್‌ಟಾಪಿಗೆ ಚಿತ್ತೈಸಿದಿರಿ.

ಬಂದವರೇ ಮೂರು ಆಯ್ಕೆ ತೋರಿಸಿದಿರಿ: ಸಾಧಾರಣ, ಬಿಗಿ, ಅತಿ ಬಿಗಿ. ನಾನೋ ಸಂತೆಯವನು. ನಮ್ಮಲ್ಲಿ ಎತ್ತಿನ ದರವನ್ನು ಬಾಯಿಬಿಟ್ಟು ಆಡುವುದಿಲ್ಲ; ಕೊಳ್ಳುವವನ ಕೈ, ಮಾರುವವನ ಕೈ ಎರಡರ ಮೇಲೂ ಟವೆಲ್ ಹಾಕಿ, ಅದರಡಿ ಬೆರಳು ಹಿಡಿದು ಹೇಳುತ್ತೇವೆ. ಐದೂ ಬೆರಳನ್ನು ಒಟ್ಟಿಗೆ ಬಿಗಿದು ಹಿಡಿದರೆ ವ್ಯಾಪಾರ ಕುದುರಿತು ಎಂದು ಅರ್ಥ. ಸುತ್ತ ನೂರು ಜನ ನಿಂತಿದ್ದರೂ ಒಬ್ಬನಿಗೂ ತಿಳಿಯದು. ತೆಳ್ಳನೆಯ ಟವೆಲ್ ಹಾಕುವ ದಲಾಲನನ್ನು ಸಂತೆಯಲ್ಲಿ ಯಾರೂ ನಂಬುವುದಿಲ್ಲ. ಟವೆಲ್ ದಪ್ಪಗಿದ್ದಷ್ಟೂ ಒಳ್ಳೆಯದೆಂಬ ಆ ಅನುಭವದಿಂದ ನಾನೇ ನನ್ನ ಕೈಯಾರೆ ‘ಅತಿ ಬಿಗಿ’ಯನ್ನು ಒತ್ತಿದೆ.

ಆಹಾ, ತಮ್ಮ ಬಿಗಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ! ರವಿವಾರ ಹನ್ನೊಂದಕ್ಕೆ ಮೇಡ್ಲೇರಿಯಿಂದ ಕರೆ ಹಚ್ಚಿದೆವು. ತಾವು ಅಂಕಿಯನ್ನು ಮುಚ್ಚಿದಿರಿ, ಮುಖವನ್ನು ಮುಚ್ಚಿದಿರಿ, ದನಿಯನ್ನು ಮುಚ್ಚಿದಿರಿ, ಕಡೆಗೆ ಕರೆಯನ್ನೇ ಮುಚ್ಚಿದಿರಿ. ಪರದೆಯ ನಡುವೆ ಚಕ್ರ ತಿರುಗುತ್ತಲೇ ಇತ್ತು. ಮೂಲೆಯಲ್ಲಿ ತಾವು ‘ನೀವು ಸುರಕ್ಷಿತವಾಗಿದ್ದೀರಿ’ ಎಂದು ಹಸಿರಾಗಿ ನಗುತ್ತಿದ್ದಿರಿ. ಹೌದು ಸ್ವಾಮಿ, ಬಾವಿಗೆ ಬಿದ್ದವನಿಗೂ ಬಿಸಿಲಿನ ಭಯವಿಲ್ಲ. ಹನ್ನೊಂದೂವರೆಗೆ ಸಾನಿಯಾ ಮಗಳಿಗೆ ಕಾಣಲೆಂದು ಮುಡಿದಿದ್ದ ಮಲ್ಲಿಗೆಯನ್ನು ತೆಗೆದಿಟ್ಟಳು. ಮರುದಿನ ನಯಾಜನ ವಕೀಲರಿಂದ, ತಾಯಿಗೆ ಮಗುವಿನ ಮೇಲೆ ಆಸ್ಥೆಯೇ ಇಲ್ಲ, ಮೊದಲ ಕರೆಗೇ ಬರಲಿಲ್ಲ ಎಂಬ ಪತ್ರ ಬಂತು. ಸಾಧಾರಣ ಒತ್ತಿದ್ದರೆ ಸಾಕಿತ್ತು ಎಂದು ಪದ್ಮಜಾ ಅವರು ಆಮೇಲೆ ಹೇಳಿದರು. ಅದನ್ನು ಮೊದಲೇ ಹೇಳುವ ಬಾಯಿ ತಮಗೂ ಇತ್ತಲ್ಲ. ಅರ್ಧ ಗಂಟೆ ಖಾಲಿ ಪರದೆ ನೋಡಿಕೊಂಡು ಕೂತ ಕೂಸು ಏನೆಂದುಕೊಂಡಿತೋ ಎಂದು ನನ್ನ ಮಗಳು ಆ ವಾರವಿಡೀ ಸರಿಯಾಗಿ ಉಣ್ಣಲಿಲ್ಲ. ನನಗೆ ತಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇಷ್ಟು ಸಮರ್ಥರಾದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಮುಚ್ಚುವುದೇ ತಮ್ಮ ಕಸುಬಾದರೆ, ಕರೆಯುದ್ದಕ್ಕೂ ಕೂಸಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುವ ನಯಾಜನನ್ನು ಮುಚ್ಚಿಕೊಡಬೇಕು. ಬಸ್ಸಿನಿಂದ ಇಳಿದ ಹೆಂಗಸು ಯಾರ ಮನೆಗೆ ಹೊರಟಳೆಂದು ಅವಳಿಗಿಂತ ಮೊದಲೇ ಬಲ್ಲ ಕಟ್ಟೆಯ ಹಿರಿಯರ ಕಣ್ಣುಗಳನ್ನು ಮುಚ್ಚಬೇಕು. ‘ಗಂಡನ ಮನಿಗೆ ಯಾವಾಗ ಹೊಂಟೀಯವಾ?’ ಎಂದು ದಿನಕ್ಕೆರಡು ಸಲ ಕೇಳುವ ಓಣಿಯ ಬಾಯಿಗಳನ್ನಂತೂ ‘ಅತಿ ಬಿಗಿ’ಯಲ್ಲೇ ಮುಚ್ಚಬೇಕು. ಇಷ್ಟಾದ ಮೇಲೆ ಬಿಡುವಿದ್ದರೆ ನಮ್ಮ ಅಂಕಿಗಳ ಕಡೆ ನೋಡಬಹುದು.

ಮುಂದಿನ ರವಿವಾರ ಸಾನಿಯಾ, ‘ಅಬ್ಬಾ, ಮೊದಲ ಅದನ್ನ ತಗೀರಿ. ನಾ ಎಲ್ಲಿ ಅದೀನಿ ಅಂತ ಅವಗ ಗೊತ್ತಾದ್ರ ಆಗಲಿ, ನನ್ನ ಕೂಸು ನನ್ನ ಮಾರಿ ನೋಡ್ಲಿ’ ಎಂದಳು. ತಮ್ಮನ್ನು ತೆಗೆದೆವು. ಕರೆ ಹತ್ತಿತು. ತಾಯಿ ಮಗಳು ಒಬ್ಬರನ್ನೊಬ್ಬರು ಕಣ್ತುಂಬ ನೋಡಿಕೊಂಡರು. ನಾನು ಮಗಳ ಹಿಂದೆ ಕುಳಿತಿದ್ದೆ. ಅಷ್ಟರಲ್ಲಿ ಹಿತ್ತಲಿನಿಂದ ಬಿಸ್ಮಿಲ್ಲಾಬಿಯ ಹುಂಜ ಕೂಗಿತು. ಆ ಹುಂಜ ಪೂರ್ತಿ ಕೂಗುವುದಿಲ್ಲ, ಅರ್ಧಕ್ಕೇ ನಿಲ್ಲಿಸಿ ಕೆಮ್ಮುತ್ತದೆ. ಶಾಲೆಯ ಸೂಟಿಗೆ ಮೇಡ್ಲೇರಿಗೆ ಬಂದಾಗಲೆಲ್ಲ ಶಾಹೀನ್ ಅದರ ಹಾಗೆಯೇ ಕೂಗಿ ಎಲ್ಲರನ್ನೂ ನಗಿಸುತ್ತಿದ್ದಳು. ಅವಳ ಕಣ್ಣುಗಳು ಅರಳಿದವು. ಇನ್ನೇನು ಊರಿನ ಹೆಸರು ಬಾಯಿಗೆ ಬಂತು ಎಂದುಕೊಂಡೆ.

‘ಏನದು ಸಪ್ಪಳ?’ ಎಂದ ಪಕ್ಕದಲ್ಲಿದ್ದ ನಯಾಜ.

‘ನೆಟ್‌ವರ್ಕ್ ಪಪ್ಪಾ, ಹಂಗ ಒದರ್ತೈತಿ’ ಎಂದಿತು ಕೂಸು.

ಆಮೇಲೆ ದುಪಟ್ಟಾವನ್ನು ಕೈಗಳ ಮೇಲೆ ಎಳೆದುಕೊಂಡು, ಅದರಡಿ ಬಲಗೈಯಿಂದ ಎಡಗೈಯ ಐದೂ ಬೆರಳನ್ನು ಬಿಗಿದು ಹಿಡಿದು, ನನ್ನನ್ನೇ ನೋಡಿತು. ಸೂಟಿಯಲ್ಲಿ ಆಟಕ್ಕೆಂದು ನಾನೇ ಕಲಿಸಿದ್ದು. ಬಟ್ಟೆಯ ಮೇಲಿಂದಲೂ ‘ಕುದುರಿತು’ ಎಂಬ ಆ ಹಿಡಿತ ನನಗೆ ತಿಳಿಯಿತು; ಅವಳ ಅಪ್ಪ ಕೂಸಿಗೆ ಚಳಿಯಾಗಿದೆ ಎಂದುಕೊಂಡಿರಬೇಕು.

ಮಾನ್ಯರೇ, ಟವೆಲ್ ಹಾಕುವುದು ನೋಡುವವರ ಕಣ್ಣಿಗೆ. ಅದರಡಿ ಕೈಗೆ ಕೈ ಸಿಕ್ಕಲೇಬೇಕು. ಎಂಟು ವರ್ಷದ ಕೂಸಿಗೆ ತಿಳಿದದ್ದು ತಮಗೆ ತಿಳಿಯಲಿಲ್ಲ.

ಇನ್ನು ಮುಂದೆ ತಮ್ಮನ್ನು ದೂರದಿಂದಲೇ ನಂಬಲು ನಿಶ್ಚಯಿಸಿರುವ,
ತಮ್ಮ ವಿಶ್ವಾಸಿ,
ಫಕ್ರುದ್ದೀನ

ತಾ.ಕ.: ಇದನ್ನೆಲ್ಲ ಹೀಗೆ ಬಯಲಲ್ಲಿ ಬರೆಯಬಹುದೇ ಎಂದು ತಾವು ಗಾಬರಿಯಾಗಬೇಡಿ. ಕಳೆದ ತಿಂಗಳು ಕೋರ್ಟು ಶಾಹೀನ್‌ಳನ್ನು ತಾಯಿಗೇ ಒಪ್ಪಿಸಿ, ನಯಾಜ ನಮ್ಮ ಓಣಿಗೆ ಕಾಲಿಡಬಾರದೆಂದೂ ಹೇಳಿದೆ. ಇಬ್ಬರೂ ನನ್ನ ಮನೆಯಲ್ಲೇ ಇದ್ದಾರೆ. ಕೂಸು ಹಟ ಹಿಡಿದು ಆ ಹುಂಜವನ್ನೂ ತರಿಸಿಕೊಂಡಿದೆ. ಅದು ಅರ್ಧವೇ ಕೂಗುತ್ತದೆ, ನಿಜ; ಆ ಮೊದಲ ರವಿವಾರ ತಾವು ನನ್ನ ಮಗಳಿಗೆ ಅರ್ಧ ಮಾತನ್ನೂ ಆಡಗೊಡಲಿಲ್ಲ.