ಡಿಸ್ಕ್ ಓಡಿಸದ ಯಂತ್ರಕ್ಕೆ ಮೊದಲ ಸ್ಥಾನ ಕೊಟ್ಟ ತಜ್ಞರಿಗೆ

ಮಾನ್ಯರೇ,

‘ಮನೆಗೆ ಹತ್ತು ಅತ್ಯುತ್ತಮ ಬ್ಲೂ-ರೇ ಪ್ಲೇಯರ್‌ಗಳು: ಹೋಲಿಸಿ ನೋಡಿ, ಆರಿಸಿಕೊಳ್ಳಿ’ ಎಂಬ ಪುಟವನ್ನು ಬರೆದು, ಅದರ ತಲೆಯ ಮೇಲೆ ಪ್ರತಿದಿನ ಬೆಳಿಗ್ಗೆ ಹೊಸ ತಾರೀಖು ಒತ್ತುವ ಶ್ರಮವನ್ನೂ ವಹಿಸಿಕೊಂಡಿರುವ ತಮಗೆ ನಮ್ಮ ಮನೆಯ ಮೂರೂ ಜನರ ಸಾದರ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಐದರಲ್ಲಿ ನಾಲ್ಕೂವರೆ ನಕ್ಷತ್ರದಷ್ಟಾದರೂ ಕ್ಷೇಮವಾಗಿರಲೇಬೇಕು, ಏಕೆಂದರೆ ಅದಕ್ಕಿಂತ ಕಡಿಮೆ ಕ್ಷೇಮವಾಗಿರುವ ವಸ್ತುವನ್ನು ತಮ್ಮ ಪುಟದಲ್ಲಿ ನಾನು ಕಂಡಿಲ್ಲ.

ನನ್ನ ಪರಿಚಯ ಹೇಳಿಕೊಳ್ಳುವುದಾದರೆ, ನಾನು ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಾರ್ವಜನಿಕರ ದೂರುಗಳಿಗೆ ಉತ್ತರ ಬರೆಯುತ್ತಿರುವ ಗುಮಾಸ್ತೆ. ‘ತಮ್ಮ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂಬ ಅಂಶವನ್ನು ಗಮನಿಸಲಾಗಿದೆ’ ಎಂಬ ವಾಕ್ಯವನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ ನನಗೇ ತಿಳಿಯದು. ಹಾಗಾಗಿ ಹೇಳಬೇಕಾದ್ದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುವ ವಿದ್ಯೆಯಲ್ಲಿ ನಾನು ತಮ್ಮ ಸಹೋದ್ಯೋಗಿಯೇ ಸರಿ. ದೂರು ಬರೆಯುತ್ತಿರುವುದು ಮಾತ್ರ ಇದೇ ಮೊದಲು. ಕಿಟಕಿಯ ಈ ಬದಿಯಲ್ಲಿ ನಿಂತು ಅಭ್ಯಾಸವಿಲ್ಲ, ಹೆಚ್ಚುಕಡಿಮೆಯಾದರೆ ಮನ್ನಿಸಬೇಕು.

ನಮ್ಮ ಅತ್ತೆಯವರೂ ಅವರ ತಂಗಿಯಾದ ನನ್ನ ಚಿಕ್ಕತ್ತೆಯವರೂ ವಯಸ್ಸಿನಲ್ಲಿದ್ದಾಗ ಒಂದು ಸಿನಿಮಾ ಸ್ಟುಡಿಯೋದ ಉಡುಪಿನ ಕೋಣೆಯಲ್ಲಿ ಒಬ್ಬ ದರ್ಜಿ ಮೇಷ್ಟ್ರ ಕೈಕೆಳಗೆ ಕೆಲಸಕ್ಕಿದ್ದರು. ಗುಂಡಿ ಹೊಲಿಯುವುದು, ಇಸ್ತ್ರಿ ಹಾಕುವುದು, ನಾಯಕ ಹೊಡೆದಾಟದಲ್ಲಿ ಹರಿದುಕೊಂಡ ಅಂಗಿಗೆ ತೇಪೆ ಹಾಕಿ ಮಾರನೆಯ ದಿನ ಮತ್ತೆ ಹರಿಯಲು ಅಣಿಮಾಡುವುದು, ಇವು ಅವರ ಕೆಲಸ. ಒಂದು ಚಿತ್ರದಲ್ಲಿ ನಾಯಕಿ ಕರವಸ್ತ್ರಕ್ಕೆ ಕಸೂತಿ ಹಾಕುವ ದೃಶ್ಯವಿತ್ತು. ನಾಯಕಿಗೋ ಸೂಜಿಗೆ ದಾರ ಪೋಣಿಸಲೂ ಬಾರದು. ಕೈಗಳಷ್ಟೇ ಕಾಣುವ ಹದಿಮೂರು ಸೆಕೆಂಡುಗಳಿಗೆ ಬೇರೆಯವರ ಕೈ ಬೇಕಾಯಿತು. ನಿರ್ದೇಶಕರು ಬೆಳಿಗ್ಗೆ ಅಕ್ಕನ ಕೈಗೆ ಕೆಂಪು ಬಳೆ ತೊಡಿಸಿ ಚಿತ್ರೀಕರಿಸಿದರು, ಮಧ್ಯಾಹ್ನ ಅದೇ ಬಳೆಗಳನ್ನು ತಂಗಿಯ ಕೈಗೆ ತೊಡಿಸಿ ಮತ್ತೊಮ್ಮೆ ಚಿತ್ರೀಕರಿಸಿದರು, ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ‘ನಿಮ್ಮದೇ ಇಟ್ಕೋತೀವಿ’ ಎಂದು ಹೇಳಿ ಕಳಿಸಿದರು. ಚಿತ್ರ ಒಂದೇ ವಾರ ಓಡಿ ಎತ್ತಂಗಡಿಯಾಯಿತು. ಆ ವಾರದಲ್ಲಿ ಅಕ್ಕತಂಗಿಯರು ಅಕ್ಕಪಕ್ಕ ಕುಳಿತು ನೋಡಿದರು, ಇಬ್ಬರೂ ಪರದೆಯ ಮೇಲೆ ತಂತಮ್ಮ ಕೈಗಳನ್ನೇ ಕಂಡರು, ಚಿತ್ರಮಂದಿರದ ಮೆಟ್ಟಿಲಿಳಿಯುವಷ್ಟರಲ್ಲಿ ಮಾತಿಗೆ ಮಾತು ಬೆಳೆದು ಬೇರೆ ಬೇರೆ ಬಸ್ಸು ಹತ್ತಿದರು. ಅಲ್ಲಿಂದ ಮೂವತ್ತನಾಲ್ಕು ವರ್ಷ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ನನ್ನ ಮದುವೆಯ ಫೋಟೋದಲ್ಲಿ ಒಬ್ಬರು ಎಡ ತುದಿಯಲ್ಲಿದ್ದಾರೆ, ಇನ್ನೊಬ್ಬರು ಬಲ ತುದಿಯಲ್ಲಿದ್ದಾರೆ. ನಡುವೆ ನಿಂತ ನಾವು ಮೂವತ್ತೊಂದು ಜನ ಏನೂ ಅರಿಯದವರಂತೆ ನಗುತ್ತಿದ್ದೇವೆ.

ಹೀಗಿರಲು ಕಳೆದ ವರ್ಷ, ಹಳೆಯ ಚಿತ್ರಗಳನ್ನು ಕಾಪಾಡುವ ಪರದೇಶದ ಒಂದು ಸಂಸ್ಥೆಯವರು ಯಾವುದೋ ಉಗ್ರಾಣದಲ್ಲಿ ಆ ಚಿತ್ರದ ಮೂಲ ನೆಗೆಟಿವ್ ಸಿಕ್ಕಿತೆಂದು, ಅದನ್ನು ತೊಳೆದು ತಿದ್ದಿ ಬ್ಲೂ-ರೇ ಡಿಸ್ಕ್ ಮಾಡಿ, ಅದರಲ್ಲಿ ದುಡಿದವರ ಪೈಕಿ ಬದುಕಿರುವವರಿಗೆಲ್ಲ ಒಂದೊಂದು ಪ್ರತಿ ಕಳಿಸಿದರು. ಅಕ್ಕತಂಗಿಯರಿಗೆ ಸೇರಿ ಒಂದೇ ಪ್ರತಿ ಬಂತು, ಅದೂ ನಮ್ಮ ಮನೆಯ ವಿಳಾಸಕ್ಕೆ. ಸುದ್ದಿ ಹೇಗೋ ಆರು ಗಂಟೆ ರೈಲು ದಾರಿಯಾಚೆಯ ಚಿಕ್ಕತ್ತೆಯವರಿಗೆ ಮುಟ್ಟಿ, ಅವರು ತಾವಾಗಿ ಫೋನ್ ಮಾಡಿದರು. ಅತ್ತೆಯವರು ಫೋನನ್ನು ಕಿವಿಯಿಂದ ನಾಲ್ಕು ಬೆರಳು ದೂರ ಹಿಡಿದಿದ್ದರಿಂದ ನಮಗೂ ಕೇಳಿಸಿತು. ‘ಅಕ್ಕ, ಅದನ್ನ ಹಾಕೋ ಮೆಷಿನ್ ತಗೊಳ್ಳಿ. ನಾನು ಬರ್ತೀನಿ, ಇಬ್ರೂ ಕೂತು ನೋಡೋಣ. ಬೇಗ ತಗೊಳ್ಳಿ. ನನ್ನ ಕಣ್ಣು ಮಧ್ಯದಿಂದ ಸವೀತಾ ಬಂದಿದೆಯಂತೆ, ನೋಡ್ಬೇಕಾದ್ದನ್ನ ನೋಡಿಬಿಡಿ ಅಂದಿದಾರೆ ಡಾಕ್ಟ್ರು.’ ಅತ್ತೆಯವರು ‘ಆಯ್ತು’ ಎಂದರು. ಮೂವತ್ತನಾಲ್ಕು ವರ್ಷಗಳಲ್ಲಿ ತಂಗಿಯ ಮಾತಿಗೆ ಅವರು ‘ಆಯ್ತು’ ಎಂದದ್ದು ಅದೇ ಮೊದಲೆಂದು ನಮ್ಮ ಯಜಮಾನರು ಹೇಳುತ್ತಾರೆ.

ಮಾನ್ಯರೇ, ತಮ್ಮ ಪ್ರವೇಶವಾದದ್ದು ಇಲ್ಲಿ.

ನಮ್ಮ ಯಜಮಾನರು ಬೇರಿಂಗ್ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದಾರೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಉಕ್ಕಿನ ಗುಂಡನ್ನು ಪಕ್ಕಕ್ಕೆ ಎಸೆಯುವುದೇ ಅವರ ವೃತ್ತಿ. ಅಂಥವರ ಕೈಗೆ ನಲವತ್ತೆರಡು ಕಾಲಮ್ಮುಗಳ ತಮ್ಮ ಕೋಷ್ಟಕ ಸಿಕ್ಕಿದ್ದು ಹಸಿದವನಿಗೆ ಉಗ್ರಾಣದ ಬೀಗದ ಕೈ ಸಿಕ್ಕಿದಂತಾಯಿತು. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅದನ್ನು ಸ್ಕೇಲಿಟ್ಟು ಇಳಿಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಯಾವ ಯಂತ್ರ ಕಪ್ಪು ಬಣ್ಣವನ್ನು ಇನ್ನಷ್ಟು ಕಪ್ಪಾಗಿ ತೋರಿಸುತ್ತದೆ, ಯಾವುದರ ಡಿಸ್ಕಿಡುವ ತಟ್ಟೆ ಹೊರಬರುವಾಗ ‘ರೇಷ್ಮೆಯಂಥ ಸದ್ದು’ ಮಾಡುತ್ತದೆ, ಯಾವುದರ ರಿಮೋಟಿನ ಗುಂಡಿಗಳು ‘ಬೆರಳಿಗೆ ಆತ್ಮವಿಶ್ವಾಸ ನೀಡುತ್ತವೆ’ ಎಂಬುದೆಲ್ಲ ನಮ್ಮ ಮನೆಯಲ್ಲಿ ಬಾಯಿಪಾಠವಾಯಿತು. ಮೂರನೆಯ ಸ್ಥಾನದ ಯಂತ್ರದ ಬಗ್ಗೆ ತಾವು ‘ಇದು ಯಾರಿಗೆ: ಒಳ್ಳೆಯ ಚಿತ್ರ ಬಯಸುವವರಿಗೆ, ಯಾರಿಗಲ್ಲ: ಒಳ್ಳೆಯ ಚಿತ್ರ ಬಯಸದವರಿಗೆ’ ಎಂದು ಬರೆದ ಸಾಲನ್ನು ಓದಿ ನಾನು ತಮಗೆ ಮನಸ್ಸಿನಲ್ಲೇ ಕೈಮುಗಿದೆ. ನಮ್ಮ ಕಚೇರಿಯ ಮುಖ್ಯಸ್ಥರು ನಿವೃತ್ತರಾಗುವವರೆಗೂ ಇಷ್ಟು ನುಣುಪಾದ ವಾಕ್ಯ ಬರೆದವರಲ್ಲ.

ಆದರೆ ಯಂತ್ರ ಬರಲಿಲ್ಲ. ಏಕೆಂದರೆ ಯಜಮಾನರು ಮೊದಲ ಸ್ಥಾನದ್ದನ್ನು ಕೊಳ್ಳೋಣವೆಂದು ಗಟ್ಟಿಮನಸ್ಸು ಮಾಡಿದ ಬೆಳಿಗ್ಗೆಯೇ ಅದು ನಾಲ್ಕಕ್ಕೆ ಇಳಿದಿತ್ತು. ಏಳರಲ್ಲಿದ್ದುದು ಎರಡಕ್ಕೆ ಏರಿತ್ತು. ಅದರ ವಿವರದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ತಮ್ಮ ಹತ್ತು ಯಂತ್ರಗಳು ಸಂಗೀತ ಕುರ್ಚಿಯಾಡುತ್ತಿದ್ದಷ್ಟು ಕಾಲವೂ ಇವರು ನಿಂತೇ ಇದ್ದರು. ‘ಇನ್ನೊಂದು ವಾರ ತಡಿ, ಪಟ್ಟಿ ತಳ ಊರ್ಲಿ’ ಎನ್ನುವರು. ‘ಪಟ್ಟಿ ಏನು ಕೆಸರಾ, ತಳ ಊರೋಕೆ?’ ಎಂದು ಅತ್ತೆಯವರು ಕೇಳುವರು. ತಿಂಗಳು ಒಂದಾಯಿತು, ಎರಡಾಯಿತು, ನಾಲ್ಕಾಯಿತು. ಚಿಕ್ಕತ್ತೆಯವರು ವಾರಕ್ಕೊಮ್ಮೆ ಫೋನ್ ಮಾಡಿ ‘ಬಂತಾ?’ ಎನ್ನುವುದು, ಅತ್ತೆಯವರು ‘ಹೋಲಿಸ್ತಾ ಇದಾನೆ’ ಎನ್ನುವುದು ರೂಢಿಯಾಯಿತು. ಈ ನೆಪದಲ್ಲಿ ಅಕ್ಕತಂಗಿಯರು ವಾರಕ್ಕೊಮ್ಮೆ ಮಾತಾಡುವಂತಾಯಿತೆಂಬ ಕೀರ್ತಿಯನ್ನು ತಮಗೆ ಸಲ್ಲಿಸಲು ನಾನು ಸಿದ್ಧಳಿದ್ದೇನೆ. ದಯವಿಟ್ಟು ಕಾಲಮ್ಮಿಗೆ ಸೇರಿಸಿಕೊಳ್ಳಿ.

ಕೊನೆಗೆ ನಾನೇ ಕ್ಯಾಲೆಂಡರ್ ಹರಿದು, ಆ ಹೊತ್ತಿಗೆ ಮೊದಲ ಸ್ಥಾನದಲ್ಲಿದ್ದ ಯಂತ್ರವನ್ನು ತರಿಸಿದೆ. ಒಂದು ಭಾನುವಾರ ಚಿಕ್ಕತ್ತೆಯವರು ರೈಲಿನಲ್ಲಿ ಬಂದಿಳಿದರು. ಒಳಗೆ ಬಂದವರೇ ಗೋಡೆ ಗಡಿಯಾರ ನೋಡಿ ‘ಹನ್ನೊಂದೂ ಇಪ್ಪತ್ತು, ರೈಲು ಹತ್ತು ನಿಮಿಷ ತಡ’ ಎಂದು ಸರಿಯಾಗಿಯೇ ಹೇಳಿದರು. ಅಕ್ಕತಂಗಿಯರು ಸೋಫಾದ ಎರಡು ತುದಿಗಳಲ್ಲಿ ಕುಳಿತರು. ಯಜಮಾನರು ಗುಂಡಿ ಒತ್ತಿದರು. ತಟ್ಟೆ ರೇಷ್ಮೆಯಂಥ ಸದ್ದು ಮಾಡುತ್ತಲೇ ಹೊರಬಂತು, ಡಿಸ್ಕನ್ನು ರೇಷ್ಮೆಯಂಥ ಸದ್ದಿನೊಂದಿಗೇ ನುಂಗಿತು. ಪರದೆಯ ಮೇಲೆ, ತಾವು ಹೊಗಳಿದ ಆ ಇನ್ನಷ್ಟು ಕಪ್ಪಾದ ಕಪ್ಪಿನ ನಡುವೆ ಒಂದೇ ಸಾಲು ಮೂಡಿತು: ಈ ಡಿಸ್ಕ್ ನಿಮ್ಮ ವಲಯಕ್ಕೆ ಸೇರಿದ್ದಲ್ಲ.

ಆ ಮಧ್ಯಾಹ್ನವೆಲ್ಲ ಕುಳಿತು ತಮ್ಮ ಪುಟವನ್ನು ತಳದವರೆಗೆ ಓದಿದೆ. ಹತ್ತೂ ಯಂತ್ರಗಳು ಮುಗಿದು, ಪ್ಲೇಯರನ್ನು ಒರೆಸುವ ಬಟ್ಟೆಯ ಜಾಹೀರಾತೂ ಮುಗಿದ ಮೇಲೆ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ತಾವು ತಿಳಿಸಿದ್ದಿರಿ: ‘ಬ್ಲೂ-ರೇ ಡಿಸ್ಕುಗಳಿಗೆ ವಲಯದ ಮಿತಿಯಿರಬಹುದು; ಒಂದು ದೇಶದ ಡಿಸ್ಕ್ ಇನ್ನೊಂದು ದೇಶದ ಪ್ಲೇಯರಿನಲ್ಲಿ ಓಡದಿರಬಹುದು. ಹೆಚ್ಚಿನ ಓದುಗರಿಗೆ ಇದು ಅನ್ವಯಿಸುವುದಿಲ್ಲ.’ ನಿಜ, ಹೆಚ್ಚಿನ ಓದುಗರಿಗೆ ಪರದೇಶದಿಂದ ಹಳೆಯ ಸಿನಿಮಾ ಬರುವುದಿಲ್ಲ, ಹೆಚ್ಚಿನ ಓದುಗರ ಮನೆಯಲ್ಲಿ ಹದಿಮೂರು ಸೆಕೆಂಡಿಗಾಗಿ ಮುನಿದ ಅಕ್ಕತಂಗಿಯರೂ ಇರುವುದಿಲ್ಲ. ಹೆಚ್ಚಿನವರಲ್ಲದವರಾಗಿ ಹುಟ್ಟಿದ್ದಕ್ಕೆ ನಾವು ಕ್ಷಮೆ ಕೋರುತ್ತೇವೆ. ತಯಾರಕರ ಸಹಾಯವಾಣಿಗೆ ಫೋನ್ ಮಾಡಿದಾಗ ಅಲ್ಲಿಯ ಹೆಣ್ಣುಮಗಳು ಬಹಳ ಸೌಜನ್ಯದಿಂದ, ‘ಮೇಡಂ, ನಿಮ್ಮ ಪ್ಲೇಯರ್ ಸರಿಯಾಗೇ ಇದೆ, ಅದು ಡಿಸ್ಕ್ ಬೇಡ ಅಂದಿರೋದೇ ಅದಕ್ಕೆ ಸಾಕ್ಷಿ’ ಎಂದಳು. ಅವಳಿಗೆ ನಮ್ಮ ಕಚೇರಿಯಲ್ಲಿ ಯಾವಾಗ ಬೇಕಾದರೂ ಕೆಲಸವಿದೆ.

ಚಿಕ್ಕತ್ತೆಯವರು ಮಾರನೆಯ ದಿನ ಹೊರಟುಹೋದರು. ಅಲ್ಲಿಂದ ಏಳು ವಾರ ನಾನು ಅಂಗಡಿ ಅಂಗಡಿ ಅಲೆದೆ. ಕೊನೆಗೆ ದಾರಿ ತೋರಿಸಿದವರು ಹಿಂದೆ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದು, ಈಗ ಅದೇ ಅಂಗಡಿಯಲ್ಲಿ ಛತ್ರಿ ರಿಪೇರಿ ಮಾಡುವ, ಬೀದಿಯವರೆಲ್ಲ ‘ಕ್ಯಾಸೆಟ್ ಮಾವ’ ಎಂದು ಕರೆಯುವ ಹಿರಿಯರು. ಛತ್ರಿ ಕಡ್ಡಿಗಳ ರಾಶಿಯ ಹಿಂದಿನಿಂದ ಸೂಟ್‌ಕೇಸಿನಷ್ಟು ದೊಡ್ಡದಾದ ಒಂದು ಯಂತ್ರವನ್ನು ಎಳೆದು ತೆಗೆದು, ಊದಿ ಧೂಳು ಹಾರಿಸಿ, ‘ಇದಕ್ಕೆ ವಲಯ ಗಿಲಯ ಗೊತ್ತಿಲ್ಲಮ್ಮ. ಪ್ಲೇಯರ್ ಅಂದ್ಮೇಲೆ ಪ್ಲೇ ಮಾಡ್ಬೇಕು, ಅಷ್ಟೇ. ನೋಡಿ ಆದ್ಮೇಲೆ ತಂದ್ಕೊಡಿ’ ಎಂದರು. ತಮ್ಮ ನಲವತ್ತೆರಡು ಕಾಲಮ್ಮುಗಳಲ್ಲಿ ಇಲ್ಲದ ನಲವತ್ತಮೂರನೆಯದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

ಚಿಕ್ಕತ್ತೆಯವರು ಮತ್ತೆ ಬಂದರು. ಈ ಸಲ ಗಡಿಯಾರದ ಕಡೆ ಮುಖ ಮಾಡಿ ತುಸು ಹೊತ್ತು ನಿಂತು, ‘ಸುತ್ತ ಇರೋ ಅಂಕಿ ಕಾಣ್ಸುತ್ತೆ, ಮುಳ್ಳು ಎಲ್ಲಿದೆ ಅಂತ ಗೊತ್ತಾಗಲ್ಲ’ ಎಂದರು. ತಮ್ಮ ಕಣ್ಣಿನ ಬಗ್ಗೆ ಅವರು ಹೇಳಿದ್ದು ಅಷ್ಟೇ. ಹೇಳಿಕೊಂಡು ಅಳಲಿಲ್ಲ, ದೂರಲೂ ಇಲ್ಲ. ದೂರುವುದು ನನ್ನ ಪಾಲಿಗೆ ಬಂದಿದೆ.

ಸೂಟ್‌ಕೇಸ್ ಯಂತ್ರ ಗಿರಣಿಯಂತೆ ಗುರುಗುಟ್ಟಿ, ಯಾವ ತಕರಾರೂ ಇಲ್ಲದೆ ಚಿತ್ರ ತೋರಿಸಿತು. ಐವತ್ತನೆಯ ನಿಮಿಷಕ್ಕೆ ಕರವಸ್ತ್ರ ಬಂತು, ಕೆಂಪು ಬಳೆಯ ಕೈಗಳು ಬಂದವು. ಡಿಸ್ಕಿನ ಸ್ಪಷ್ಟತೆಯ ಬಗ್ಗೆ ತಾವು ಬರೆದದ್ದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆಯಿಲ್ಲ, ಮಾನ್ಯರೇ. ದಾರದ ಎಳೆ ಎಳೆಯೂ ಕಾಣುತ್ತಿತ್ತು. ಬಳೆಗಳ ಹಿಂದೆ, ಮಣಿಕಟ್ಟಿನ ಮೇಲೆ, ಪೌಡರಿನಡಿಯಲ್ಲಿ, ಕಪ್ಪನೆಯ ರೋಮಗಳು ಸಾಲುಸಾಲಾಗಿ ಕಾಣುತ್ತಿದ್ದವು. ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ಕಟ್ಟಿದ ಜಡ್ಡು, ಕಡಲೆಕಾಯಿಯಷ್ಟಿತ್ತು. ಅದು ಅಕ್ಕನ ಕೈಯೂ ಅಲ್ಲ, ತಂಗಿಯ ಕೈಯೂ ಅಲ್ಲ, ಯಾವ ಹೆಂಗಸಿನ ಕೈಯೂ ಆಗಿರಲಿಲ್ಲ.

ಯಜಮಾನರು ಬಾಯಿ ತೆರೆದರು. ದೋಷ ಕಂಡರೆ ಸುಮ್ಮನಿರುವ ಅಭ್ಯಾಸ ಅವರಿಗಿಲ್ಲ. ನಾನು ಅವರ ಪಾದವನ್ನು ತುಳಿದೆ.

‘ಅಕ್ಕ, ಬಂತಾ?’ ಎಂದು ಚಿಕ್ಕತ್ತೆಯವರು ಕೇಳಿದರು. ಮುಖವನ್ನು ಓರೆ ಮಾಡಿ, ಕಣ್ಣಿನ ಅಂಚಿನಿಂದ ಪರದೆಯನ್ನು ಹಿಡಿಯಲು ನೋಡುತ್ತಿದ್ದರು. ‘ಕೆಂಪಗೆ ಏನೋ ಆಡ್ತಾ ಇದೆ. ಯಾರ್ದು ಹೇಳು.’

ಅತ್ತೆಯವರು ನನ್ನ ಕಡೆ ತಿರುಗಿ, ‘ಇನ್ನೊಂದ್ಸಲ ಹಾಕಮ್ಮ’ ಎಂದರು. ಹಾಕಿದೆ. ಹದಿಮೂರು ಸೆಕೆಂಡು ರೆಪ್ಪೆ ಅಲುಗಿಸದೆ ನೋಡಿದರು. ಆಮೇಲೆ ಸೋಫಾದ ಮೇಲೆ ಸರಿದು ಸರಿದು ತಂಗಿಯ ಪಕ್ಕಕ್ಕೆ ಬಂದು ಕುಳಿತರು.

‘ನಿಂದೇ ಕಣೇ’ ಎಂದರು. ‘ಕಿರುಬೆರಳು ಮೇಲೆತ್ತಿ ಹೊಲಿಯೋರು ಇನ್ಯಾರಿದಾರೆ?’

‘ನಾನು ಅವತ್ತೇ ಹೇಳ್ಲಿಲ್ವಾ’ ಎಂದರು ಚಿಕ್ಕತ್ತೆಯವರು. ಅವರ ಮುಖ ಅರಳಿದ್ದನ್ನು ಅಳೆಯಲು ತಮ್ಮಲ್ಲಿ ನಕ್ಷತ್ರಗಳು ಸಾಲವು. ‘ಹೊಲಿಗೆ ಹೇಗ್ ಬಂದಿದೆ?’ ಎಂದೂ ಕೇಳಿದರು.

‘ಚೆನ್ನಾಗಿದೆ. ಎರಡನೇ ಎಸಳು ಸ್ವಲ್ಪ ಓರೆ’ ಎಂದರು ಅತ್ತೆಯವರು. ಪೂರ್ತಿ ಸೋಲುವ ಜಾತಿ ಅವರದಲ್ಲ.

ಆಮೇಲೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ ಅವರು ನನಗೊಬ್ಬಳಿಗೇ ಕೇಳುವಂತೆ ಹೇಳಿದರು: ‘ಆ ದರ್ಜಿ ಮೇಷ್ಟ್ರ ಜಡ್ಡು ಅದು. ನಾವಿಬ್ರೂ ಮನೆಗೆ ಹೋದ್ಮೇಲೆ ಅವರ ಕೈಗೇ ಬಳೆ ತೊಡಿಸಿ ಮತ್ತೆ ತೆಗೆದಿದಾರೆ. ನಮ್ಮ ಜಗಳ ಗೊತ್ತಿದ್ರೂ ಸಾಯೋವರೆಗೂ ತುಟಿಪಿಟಕ್ ಅನ್ಲಿಲ್ಲ ನೋಡು.’ ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗು ನಿಂತ ಮೇಲೂ ಸೆರಗು ಬಹಳ ಹೊತ್ತು ಅಲ್ಲೇ ಇತ್ತು.

ಚಿಕ್ಕತ್ತೆಯವರು ಒಂದು ದಿನಕ್ಕೆಂದು ಬಂದವರು ಹದಿನೆಂಟು ದಿನ ಇದ್ದರು. ಇಂಥ ಗುಟ್ಟನ್ನು ಬಹಿರಂಗ ಪತ್ರದಲ್ಲಿ ಬರೆಯುವುದೇ ಎಂದು ತಾವು ಆತಂಕಪಡಬಹುದು. ಭಯ ಬೇಡ. ತಮ್ಮ ಪುಟದ ಕೆಳಗೆ ಇದನ್ನು ಪ್ರಕಟಿಸಿ. ಮೊದಲ ಸಾಲು ಓದಿ ‘ಈಗಲೇ ಕೊಳ್ಳಿ’ ಗುಂಡಿ ಒತ್ತುವುದನ್ನು ತಾವು ಓದುಗರಿಗೆ ಎಷ್ಟು ಚೆನ್ನಾಗಿ ಕಲಿಸಿದ್ದೀರೆಂದರೆ, ಇಷ್ಟು ಕೆಳಗೆ ಯಾರೂ ಇಳಿದು ಬರುವುದಿಲ್ಲ.

ಇನ್ನು ನನ್ನ ವಿನಂತಿಗಳು. ‘ಹಾಕಿದ ಡಿಸ್ಕನ್ನು ಓಡಿಸುತ್ತದೆಯೇ?’ ಎಂಬ ಕಾಲಮ್ಮನ್ನು ಮೊದಲಿಗೇ ಇಡಬೇಕು. ಜಾಗ ಸಾಲದಿದ್ದರೆ ರೇಷ್ಮೆಯ ಸದ್ದನ್ನು ತೆಗೆಯಬಹುದು. ನೋಡುವವರ ಕಣ್ಣಿಗೆ ಇನ್ನೆಷ್ಟು ದಿನದ ವಾಯಿದೆಯಿದೆ ಎಂಬುದಕ್ಕೂ ಒಂದು ಕಾಲಮ್ಮು ಬೇಕು; ಅದನ್ನು ಹೇಗೆ ತುಂಬಬೇಕೆಂದು ನನಗೂ ತಿಳಿಯದು, ತಾವು ತಜ್ಞರು. ಕಡೆಯದಾಗಿ, ಆರು ತಿಂಗಳ ಹಿಂದಿನ ಆ ಭಾನುವಾರವನ್ನು, ಗಡಿಯಾರದ ಮುಳ್ಳುಗಳ ಸಮೇತ, ಚಿಕ್ಕತ್ತೆಯವರ ವಿಳಾಸಕ್ಕೆ ವಾಪಸು ಕಳಿಸಿಕೊಡಬೇಕು. ಆಗದಿದ್ದರೆ ‘ಗಮನಿಸಲಾಗಿದೆ’ ಎಂದಾದರೂ ಬರೆಯಿರಿ. ಆ ಮಾತಿಗೆ ಎಷ್ಟು ಅರ್ಥವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಅವಿಶ್ವಾಸ ಸೂಚಿಸಲು ಕಾಲಮ್ಮು ಸಿಗದ ಕಾರಣ,
ತಮ್ಮ ವಿಶ್ವಾಸಿ,
ದೂರು ವಿಭಾಗದ ಗುಮಾಸ್ತೆ

ಮರೆತ ಮಾತು: ತಮ್ಮ ಪುಟದ ತಳದಲ್ಲಿ ‘ಈ ಲೇಖನ ನಿಮಗೆ ಉಪಯೋಗವಾಯಿತೇ?’ ಎಂಬ ಪ್ರಶ್ನೆಯಿತ್ತು. ‘ಇಲ್ಲ’ ಎಂಬುದನ್ನು ಒತ್ತಿದೆ. ‘ಧನ್ಯವಾದಗಳು, ನಿಮಗೆ ಇದೂ ಇಷ್ಟವಾಗಬಹುದು’ ಎಂದು ಹತ್ತು ಅತ್ಯುತ್ತಮ ಕನ್ನಡಕದ ಚೌಕಟ್ಟುಗಳನ್ನು ತೋರಿಸಿದಿರಿ.